ಪುಟದೊಳಗೇ ಹುಡುಕುವುದಾ, ಪುಟ ಬಿಟ್ಟು ಹೊರಗೆ ಹೋಗುವುದಾ?

"ಮೇಡಂ, ಗೂಗಲ್‌ನಲ್ಲಿ ಮೊದಲು ಬಂದಿದ್ದನ್ನೇ ಪ್ರಾಜೆಕ್ಟ್‌ಗೆ ಹಾಕಿದ್ದೀನಿ, ಸಾಕಲ್ವಾ?" ತಾಲೂಕು ಕೇಂದ್ರದ ಪದವಿ ಕಾಲೇಜೊಂದರಲ್ಲಿ ನಾನು ಗ್ರಂಥಪಾಲಕಿ. ಪ್ರತಿ ಸೆಮಿಸ್ಟರ್‌ನಲ್ಲೂ ಈ ಪ್ರಶ್ನೆ ಬರುತ್ತದೆ. ಮೊದಲು ಬಂದಿದ್ದನ್ನು ನಂಬಬಹುದಾ ಅಂತ ಮಕ್ಕಳೇ ಕಂಡುಕೊಳ್ಳಬೇಕು. ಅದನ್ನು ಕಲಿಸಲು ಎರಡು ದಾರಿಗಳನ್ನು ಪ್ರಯತ್ನಿಸಿದೆ. ಒಂದು ವರ್ಷ ಒಂದು, ಮರುವರ್ಷ ಇನ್ನೊಂದು.

ಮೊದಲನೆಯದು ಕ್ರಾಪ್ ಪರೀಕ್ಷೆ. ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿಯ ಚಿಕೋ ಕ್ಯಾಂಪಸ್ಸಿನ ಗ್ರಂಥಪಾಲಕಿ ಸಾರಾ ಬ್ಲೇಕ್ಸ್ಲಿ 2004ರಲ್ಲಿ ಇದನ್ನು ರೂಪಿಸಿದರು. ಐದು ಪ್ರಶ್ನೆಗಳು. ಯಾವಾಗ ಬರೆದದ್ದು? ನಮ್ಮ ವಿಷಯಕ್ಕೆ ಬೇಕಾದದ್ದೇ? ಬರೆದವರು ಯಾರು? ಹೇಳಿದ್ದಕ್ಕೆ ಆಧಾರ ಇದೆಯಾ? ಯಾಕೆ ಬರೆದಿದ್ದಾರೆ? ಅರ್ಧ ಹಾಳೆಯಲ್ಲಿ ಪ್ರಿಂಟ್ ಹಾಕಿಸಿ, ಪ್ರಶ್ನೆಗೆ 10 ಅಂಕದಂತೆ ಹಾಕಿ ಅಂತ ಹಂಚಿದೆ.

ಎರಡನೆಯದು ಸಿಫ್ಟ್. ಡಿಜಿಟಲ್ ಸಾಕ್ಷರತೆಯ ಪರಿಣತ ಮೈಕ್ ಕಾಲ್ಫೀಲ್ಡ್ ಅವರು 2019ರಲ್ಲಿ ಮುಂದಿಟ್ಟದ್ದು. ಆ ಇಂಗ್ಲಿಷ್ ಪದಕ್ಕೆ ಜರಡಿ ಹಿಡಿಯುವುದು ಅಂತಲೇ ಅರ್ಥ. ಹಾಗಾಗಿ ನಮ್ಮ ಲೈಬ್ರರಿಯಲ್ಲಿ ಇದರ ಹೆಸರೇ ಜರಡಿ. ನಿಲ್ಲು. ಹೇಳುತ್ತಿರುವವರು ಯಾರು ನೋಡು. ಬೇರೆಯವರು ಏನು ಹೇಳಿದ್ದಾರೆ ಹುಡುಕು. ಮಾತು ಮೊದಲು ಹುಟ್ಟಿದ ಜಾಗಕ್ಕೆ ಹೋಗು. ಇಲ್ಲಿ ಅಂಕ ಇಲ್ಲ. ಪುಟ ಬಿಟ್ಟು ಹೊಸ ಟ್ಯಾಬ್ ತೆರೆಯುವುದೇ ಮುಖ್ಯ ಕೆಲಸ.

ಎರಡೂ ವರ್ಷ ಬಿಎ, ಬಿಕಾಂ ಮಕ್ಕಳಿಗೆ ಒಂದೇ ಜಾಲತಾಣ ಕೊಟ್ಟೆ. ಡೈಹೈಡ್ರೋಜನ್ ಮೊನಾಕ್ಸೈಡ್ ಎಂಬ ರಾಸಾಯನಿಕದ ಅಪಾಯಗಳ ಬಗ್ಗೆ ಇರುವ ತಾಣ ಅದು. ಸ್ವಲ್ಪ ಪ್ರಮಾಣ ಉಸಿರಿನೊಳಗೆ ಹೋದರೂ ಸಾವು ಬರಬಹುದು, ಆಮ್ಲ ಮಳೆಯಲ್ಲಿ ಮುಖ್ಯವಾಗಿ ಇರುವುದು ಇದೇ, ಮಣ್ಣಿನ ಸವಕಳಿಗೂ ಕಾರಣ ಅಂತೆಲ್ಲ ಅಲ್ಲಿ ಬರೆದಿದೆ. ಸಂಶೋಧನಾ ವಿಭಾಗ ಎಂಬ ಹೆಸರಿದೆ, ಪ್ರಶ್ನೋತ್ತರ ಇದೆ, ವಿಳಾಸದ ಕೊನೆಗೆ ಡಾಟ್ ಆರ್ಗ್ ಕೂಡ ಇದೆ.

ಕ್ರಾಪ್ ವರ್ಷದ ಮಕ್ಕಳು ತುಂಬಾ ಶ್ರದ್ಧೆಯಿಂದ ಕೂತು ಓದಿದರು. ಒಂದು ಹುಡುಗಿಯ ಹಾಳೆ ಇನ್ನೂ ನನ್ನ ಹತ್ತಿರ ಇದೆ. "ಸಂಸ್ಥೆಯ ಹೆಸರಿದೆ, 9. ಆಧಾರ ಇದೆ, 8. ಜನರ ಆರೋಗ್ಯಕ್ಕಾಗಿ ಬರೆದಿದ್ದಾರೆ, 10." ಹಾಳೆಯಲ್ಲಿ ಕೇಳಿದ್ದೆಲ್ಲ ಪುಟದಲ್ಲಿ ಸಿಕ್ಕಿತು. ಉಳಿದವರಲ್ಲೂ ಬಹುತೇಕ ಎಲ್ಲರೂ ಒಳ್ಳೆಯ ಅಂಕವನ್ನೇ ಕೊಟ್ಟಿದ್ದರು.

ಜರಡಿ ವರ್ಷ ಹತ್ತು ನಿಮಿಷವೂ ಆಗಲಿಲ್ಲ. ಹಿಂದಿನ ಬೆಂಚಿನ ಹುಡುಗನೊಬ್ಬ ಆ ಹೆಸರನ್ನು ಕಾಪಿ ಮಾಡಿ ಬೇರೆ ಟ್ಯಾಬ್‌ನಲ್ಲಿ ಹಾಕಿದ. ವಿಕಿಪೀಡಿಯ ಬಂತು. ಎರಡು ಸಾಲು ಓದಿ ಎದ್ದು ನಿಂತ. "ಮೇಡಂ, ಇದು ನೀರಲ್ವಾ!" ಹೌದು, ಎರಡು ಹೈಡ್ರೋಜನ್, ಒಂದು ಆಕ್ಸಿಜನ್. ಪುಟದಲ್ಲಿದ್ದ ಆ ಮಾತುಗಳು ಸುಳ್ಳೂ ಅಲ್ಲ. ನೀರು ಶ್ವಾಸಕೋಶಕ್ಕೆ ಹೋದರೆ ಸಾವು ಬರುತ್ತದೆ. ನಿಜಗಳನ್ನೇ ಹೆದರಿಸುವ ಹಾಗೆ ಜೋಡಿಸಿದ್ದಾರೆ, ಅಷ್ಟೇ. 1997ರಲ್ಲಿ ಅಮೆರಿಕದ ಐಡಾಹೋದಲ್ಲಿ 14 ವರ್ಷದ ಹುಡುಗನೊಬ್ಬ ಇದನ್ನೇ 50 ಜನರಿಗೆ ಓದಲು ಕೊಟ್ಟಾಗ 43 ಜನ ನಿಷೇಧ ಮಾಡಿ ಅಂದಿದ್ದರು. ಹಾಗಾಗಿ ನಮ್ಮ ಮಕ್ಕಳನ್ನು ದಡ್ಡರು ಅನ್ನಬೇಡಿ.

ಈ ವ್ಯತ್ಯಾಸ ಯಾಕೆ? 2017ರಲ್ಲಿ ಸ್ಟ್ಯಾನ್‌ಫರ್ಡ್‌ನ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ 45 ಜನ ವೆಬ್‌ಪುಟಗಳನ್ನು ಹೇಗೆ ಓದುತ್ತಾರೆಂದು ಗಮನಿಸಿದರು. 10 ಇತಿಹಾಸಕಾರರು, ಸುದ್ದಿಯ ನಿಜ ಪರಿಶೀಲಿಸುವ 10 ಫ್ಯಾಕ್ಟ್ ಚೆಕರ್‌ಗಳು, 25 ವಿದ್ಯಾರ್ಥಿಗಳು. ಪಂಡಿತರೂ ಹಲವು ಸಲ ಪುಟದ ಅಂದಚಂದಕ್ಕೆ ಮೋಸಹೋದರು. ಫ್ಯಾಕ್ಟ್ ಚೆಕರ್‌ಗಳು ಮಾತ್ರ ಬೇಗ ಪುಟ ಬಿಟ್ಟು, ಇವರು ಯಾರು ಅಂತ ಹೊರಗೆ ವಿಚಾರಿಸಿದರು. ಗಂಡು ನೋಡುವಾಗ ನಾವು ಗಂಡಿನ ಮನೆಯವರನ್ನೇ ಕೇಳಿ ಸುಮ್ಮನಾಗುತ್ತೇವಾ? ಅಕ್ಕಪಕ್ಕದ ಮನೆ, ಕೆಲಸದ ಜಾಗ ಎಲ್ಲ ಕಡೆ ವಿಚಾರಿಸುತ್ತೇವೆ. ತರಗತಿಯಲ್ಲಿ ಈ ಮಾತು ಹೇಳಿದ ಮೇಲೆ ಜರಡಿ ಯಾಕೆ ಬೇಕು ಅಂತ ಯಾರೂ ಕೇಳಲಿಲ್ಲ.

ದುಡ್ಡಿಗೆ ಲೇಖನ ಹಾಕುವ ಸಂಶೋಧನಾ ಪತ್ರಿಕೆಗಳ ವಿಷಯದಲ್ಲೂ ಇದೇ ಕಥೆ. ಐಎಸ್‌ಎಸ್‌ಎನ್ ಎಂಬ ಪತ್ರಿಕೆಯ ಗುರುತಿನ ನಂಬರು, ಸಂಪಾದಕ ಮಂಡಳಿ, ಲೇಖನಗಳನ್ನು ಬೇರೆಯವರು ಎಷ್ಟು ಉಲ್ಲೇಖಿಸುತ್ತಾರೆ ಎಂದು ಹೇಳುವ ಇಂಪ್ಯಾಕ್ಟ್ ಫ್ಯಾಕ್ಟರ್ ಎಲ್ಲವನ್ನೂ ಪುಟದಲ್ಲೇ ಬರೆದುಕೊಂಡಿರುತ್ತಾರೆ. ಕ್ರಾಪ್ ಹಾಳೆ ಪೂರ್ತಿ ಅಂಕ ಕೊಡುತ್ತದೆ. ಒಳ್ಳೆಯ ಪತ್ರಿಕೆಯ ಹೆಸರು, ನಂಬರು ಎರಡನ್ನೂ ಕದ್ದು ನಕಲಿ ತಾಣ ಮಾಡುವವರೂ ಇದ್ದಾರೆ. ನಂಬರನ್ನು ಐಎಸ್‌ಎಸ್‌ಎನ್ ಪೋರ್ಟಲ್‌ನಲ್ಲಿ, ಲೇಖನವನ್ನು ಸಂಶೋಧನಾ ಬರಹಗಳನ್ನೇ ಹುಡುಕುವ ಗೂಗಲ್ ಸ್ಕಾಲರ್‌ನಲ್ಲಿ ಹೊರಗಿನಿಂದ ನೋಡಿದರೆ ಅನುಮಾನಕ್ಕೆ ದಾರಿ ಸಿಗುತ್ತದೆ. ಯುಜಿಸಿ 2025ರಲ್ಲಿ ಒಪ್ಪಿತ ಪತ್ರಿಕೆಗಳ ಕೇರ್ ಪಟ್ಟಿಯನ್ನು ನಿಲ್ಲಿಸಿದ ಮೇಲೆ ಈ ಅಭ್ಯಾಸ ಇನ್ನೂ ಜಾಸ್ತಿ ಬೇಕು.

ಆದರೂ ಕ್ರಾಪ್ ಹಾಳೆಯನ್ನು ನಾನು ಬಿಸಾಡಿಲ್ಲ. ಸ್ವಸಹಾಯ ಸಂಘಗಳ ಬಗ್ಗೆ ಪ್ರಾಜೆಕ್ಟ್ ಮಾಡುತ್ತಿದ್ದ ಗುಂಪಿಗೆ, ದೇಶದ ವಿಶ್ವವಿದ್ಯಾಲಯಗಳ ಪ್ರಬಂಧಗಳನ್ನು ಇಡುವ ಶೋಧಗಂಗಾ ತಾಣದಲ್ಲಿ ಒಂದು ಪಿಎಚ್‌ಡಿ ಪ್ರಬಂಧ ಸಿಕ್ಕಿತು. ವಿಶ್ವವಿದ್ಯಾಲಯ ನಿಜ, ಪ್ರಬಂಧ ನಿಜ. ಜರಡಿಯ ಕೆಲಸ ಅಲ್ಲಿಗೆ ಮುಗಿಯಿತು. ಆದರೆ ಅದರ ಅಂಕಿಅಂಶ ಎಷ್ಟು ಹಳೆಯದು, ನಮ್ಮ ತಾಲೂಕಿಗೆ ಹೊಂದುತ್ತದಾ ಅಂತ ಕೇಳಿದ್ದು ಕ್ರಾಪ್ ಹಾಳೆಯೇ. ನಂಬಬಹುದಾದ ಬರಹವನ್ನು ಕೂತು ಓದುವಾಗ ಅದು ನಿಜಕ್ಕೂ ಒಳ್ಳೆಯ ಜೊತೆ.

ಜರಡಿಗೂ ತೊಡಕುಗಳಿವೆ. ನೆಟ್‌ವರ್ಕ್ ಹೋದರೆ ಪಾಠವೇ ನಿಲ್ಲುತ್ತದೆ. ವಾಟ್ಸಾಪ್‌ನಲ್ಲಿ ಬಂದ ಲಿಂಕನ್ನು ಕಾಪಿ ಮಾಡಿ ಬ್ರೌಸರ್‌ನಲ್ಲಿ ತೆರೆಯುವುದು ಕೆಲವರಿಗೆ ಗೊತ್ತೇ ಇರಲಿಲ್ಲ. ಅದಕ್ಕೇ ಒಂದು ಪೀರಿಯಡ್ ಹೋಯಿತು. ಕನ್ನಡದಲ್ಲಿ ಹುಡುಕಿದರೆ ಹೊರಗೆ ಸಿಗುವ ಮಾತು ಕಡಿಮೆ. ಈ ಕೊರತೆ ನನ್ನನ್ನು ಬಹಳ ಕಾಡುತ್ತದೆ. ಕನ್ನಡ ಮಾಧ್ಯಮದಿಂದ ಬಂದ ಮಗುವಿಗೆ ಅನುಮಾನ ಬರುವುದು ಬೇಗ, ಉತ್ತರ ಸಿಗುವುದು ತಡ. ಆಗ ಪಕ್ಕದಲ್ಲಿ ಕೂತು ಇಂಗ್ಲಿಷ್ ಪದ ಹೇಳಿಕೊಡುತ್ತೇನೆ. ಶೋಧಗಂಗಾದಲ್ಲಿ ಕನ್ನಡದಲ್ಲೇ ಬರೆದ ಪ್ರಬಂಧಗಳೂ ಇವೆ, ಅದನ್ನೂ ತೋರಿಸುತ್ತೇನೆ.

ಎಐ ಚಾಟ್‌ಬಾಟ್‌ನ ಉತ್ತರಕ್ಕೂ ಜರಡಿಯೇ ಸರಿ. ಅದು ಕೊಟ್ಟ ಲೇಖನದ ಹೆಸರನ್ನು ಹುಡುಗಿಯೊಬ್ಬಳು ಸ್ಕಾಲರ್‌ನಲ್ಲಿ ಹಾಕಿದಳು, ಕಾಲೇಜುಗಳಿಗೆ ಇ-ಪತ್ರಿಕೆ, ಇ-ಪುಸ್ತಕ ಒದಗಿಸುವ ಎನ್‌ಲಿಸ್ಟ್‌ನಲ್ಲೂ ನೋಡಿದಳು. ಅಂಥ ಲೇಖನ ಎಲ್ಲೂ ಸಿಗಲಿಲ್ಲ. ಪ್ರಾಜೆಕ್ಟ್‌ನಿಂದ ಆ ಸಾಲನ್ನು ಅವಳೇ ಹೊಡೆದು ಹಾಕಿದಳು. ನಾನು ಏನೂ ಹೇಳಬೇಕಾಗಲಿಲ್ಲ.

ಒಂದನ್ನೇ ಆರಿಸಿ ಅಂದರೆ ಜರಡಿ ಅನ್ನುತ್ತೇನೆ. ಎರಡಕ್ಕೂ ಸಮಯ ಇದ್ದರೆ ಮೊದಲು ಜರಡಿ, ಆಮೇಲೆ ಕ್ರಾಪ್. ಈ ಸಲ ಅರ್ಧ ಹಾಳೆಯ ಎರಡೂ ಬದಿಗೆ ಪ್ರಿಂಟ್ ಹಾಕಿಸಿದ್ದೇನೆ. ಮುಂದೆ ನಾಲ್ಕು ಸಾಲಿನ ಜರಡಿ, ಹಿಂದೆ ಐದು ಪ್ರಶ್ನೆ. ಅಂಕದ ಕಾಲಂ ತೆಗೆದಿದ್ದೇನೆ. ಆ ಜಾಗದಲ್ಲಿ "ಹೊರಗೆ ಎಲ್ಲೆಲ್ಲಿ ನೋಡಿದೆ?" ಅಂತ ಕೇಳಿ, ಬರೆಯಲು ಮೂರು ಗೆರೆ ಬಿಟ್ಟಿದ್ದೇನೆ.