ಇಗ್ನೋದ ಇಂಗ್ಲಿಷ್ ಎಂ.ಎ.: ಸೇರುವುದು ಸುಲಭ, ಶೇ. 55 ದಾಟುವುದೇ ಕೆಲಸ

ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದ, ಅಂದರೆ ಇಗ್ನೋದ, ಇಂಗ್ಲಿಷ್ ಎಂ.ಎ.ಗೆ ಬೇಕಾದ ಅರ್ಹತೆ ಒಂದೇ ಸಾಲಿನಲ್ಲಿ ಮುಗಿಯುತ್ತದೆ: ಮಾನ್ಯತೆ ಪಡೆದ ವಿಶ್ವವಿದ್ಯಾಲಯದ ಯಾವುದಾದರೂ ಒಂದು ಪದವಿ. ಪದವಿಯಲ್ಲಿ ಇಂಗ್ಲಿಷನ್ನು ಐಚ್ಛಿಕ ವಿಷಯವಾಗಿ ಓದಿರಬೇಕೆಂಬ ಷರತ್ತಿಲ್ಲ, ಪ್ರವೇಶ ಪರೀಕ್ಷೆಯೂ ಇಲ್ಲ. ನಮ್ಮ ರಾಜ್ಯದ ವಿಶ್ವವಿದ್ಯಾಲಯಗಳ ರೆಗ್ಯುಲರ್ ಎಂ.ಎ.ಗೆ ಸಾಮಾನ್ಯವಾಗಿ ಐಚ್ಛಿಕ ಇಂಗ್ಲಿಷ್ ಕೇಳುವುದರಿಂದ, ಬಿ.ಎಸ್‌ಸಿ. ಅಥವಾ ಬಿ.ಕಾಂ. ಮುಗಿಸಿ ಖಾಸಗಿ ಶಾಲೆಯಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿರುವವರಿಗೆ ಇದು ದೊಡ್ಡ ಅನುಕೂಲ. ಈ ಕೋರ್ಸನ್ನು ಓದಿ ಮುಗಿಸಿ, ಆಮೇಲೆ ಸಹೋದ್ಯೋಗಿಗಳು ಅರ್ಜಿ ತುಂಬುವಾಗ ಪಕ್ಕದಲ್ಲಿ ಕುಳಿತು ನೋಡಿದವನಾಗಿ ನನಗೆ ಅನ್ನಿಸುವುದಿಷ್ಟು: ಸೇರುವಾಗ ಕೇಳದಿದ್ದುದನ್ನೆಲ್ಲ ಈ ಕೋರ್ಸ್ ಒಳಗೆ ಹೋದ ಮೇಲೆ ಕೇಳುತ್ತದೆ, ಮತ್ತು ಅದನ್ನು ಮೊದಲೇ ತಿಳಿದು ಸೇರಿದವರಿಗೆ ಮಾತ್ರ ಇದರಿಂದ ಪೂರ್ಣ ಪ್ರಯೋಜನವಿದೆ.

ಅರ್ಜಿಯ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಜನವರಿ ಮತ್ತು ಜುಲೈ ಎಂದು ವರ್ಷಕ್ಕೆ ಎರಡು ಸರದಿಗಳಿವೆ. ದೂರಶಿಕ್ಷಣಕ್ಕೆ ಸೇರುವವರೆಲ್ಲ ಈಗ ಎಬಿಸಿ ಐಡಿಯ (ಕ್ರೆಡಿಟ್‌ಗಳನ್ನು ಜಮೆ ಮಾಡುವ ಅಕಾಡೆಮಿಕ್ ಬ್ಯಾಂಕಿನ ಗುರುತಿನ ಸಂಖ್ಯೆ) ಜೊತೆಗೆ ಡೆಬ್ ಐಡಿಯನ್ನೂ (ಯುಜಿಸಿಯ ದೂರಶಿಕ್ಷಣ ಬ್ಯೂರೋದ ಗುರುತಿನ ಸಂಖ್ಯೆ) ಮಾಡಿಸಿಕೊಳ್ಳಬೇಕು. ಇದಕ್ಕೆ ಆಧಾರ್‌ನಲ್ಲಿರುವ ಹೆಸರೇ ಮೂಲವಾಗುವುದರಿಂದ ಕರ್ನಾಟಕದವರು ಇಲ್ಲಿ ಸ್ವಲ್ಪ ಎಚ್ಚರ ವಹಿಸಬೇಕು. ನಮ್ಮಲ್ಲಿ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಹೆಸರಿನ ಮುಂದೆ, ಆಧಾರ್‌ನಲ್ಲಿ ಹಿಂದೆ, ಪ್ಯಾನ್ ಕಾರ್ಡಿನಲ್ಲಿ ತಂದೆಯ ಪೂರ್ತಿ ಹೆಸರು ಎಂಬಂತಿರುವವರು ಬಹಳ. ಅರ್ಜಿ ಹಾಕುವ ಮೊದಲೇ ಇದನ್ನು ಸರಿಪಡಿಸಿಕೊಂಡರೆ ಮುಂದೆ ಪದವಿ ಪ್ರಮಾಣಪತ್ರದ ಹಂತದಲ್ಲಿ ಅಲೆದಾಟ ತಪ್ಪುತ್ತದೆ. ರಾಜ್ಯದಲ್ಲಿ ಬೆಂಗಳೂರಿನಲ್ಲಿಯೂ ವಿಜಯಪುರದಲ್ಲಿಯೂ ಪ್ರಾದೇಶಿಕ ಕೇಂದ್ರಗಳಿವೆ. ಮುದ್ರಿತ ಪುಸ್ತಕ ಬೇಡವೆಂದವರಿಗೆ ಶುಲ್ಕದಲ್ಲಿ ರಿಯಾಯಿತಿಯುಂಟು. ಆದರೆ ಕವಿತೆಯ ಅಂಚಿನಲ್ಲಿ ಪೆನ್ಸಿಲ್ ಹಿಡಿದು ಬರೆದುಕೊಂಡು ಓದುವವರು ಆ ರಿಯಾಯಿತಿಯನ್ನು ಬಿಡುವುದೇ ಲೇಸು. ಹೇಗೂ ಎಲ್ಲ ಪಾಠಗಳೂ ಇಗ್ನೋದ ಜಾಲತಾಣವಾದ ಇ-ಜ್ಞಾನಕೋಶದಲ್ಲಿ ಉಚಿತವಾಗಿ ಸಿಗುತ್ತವೆ, ಸೇರುವ ಮೊದಲೇ ನಾಲ್ಕಾರು ಘಟಕಗಳನ್ನು ಓದಿ ನೋಡಬಹುದು.

ಮೊದಲ ವರ್ಷದ ನಾಲ್ಕು ಪತ್ರಿಕೆಗಳಲ್ಲಿ ಮೂರು ಬ್ರಿಟಿಷ್ ಸಾಹಿತ್ಯಕ್ಕೆ ಮೀಸಲು: ಕಾವ್ಯ, ನಾಟಕ, ಕಾದಂಬರಿ. ನಾಲ್ಕನೆಯದು ಭಾಷಾವಿಜ್ಞಾನ. ಪ್ರತಿ ಪತ್ರಿಕೆಗೆ 8 ಕ್ರೆಡಿಟ್, ಒಂದು ಕ್ರೆಡಿಟ್‌ಗೆ 30 ಗಂಟೆಗಳ ಓದು ಎಂಬುದು ವಿಶ್ವವಿದ್ಯಾಲಯದ್ದೇ ಲೆಕ್ಕ. ಹಾಗಾದರೆ ಒಂದು ಪತ್ರಿಕೆಗೆ 240 ಗಂಟೆ, ನಾಲ್ಕಕ್ಕೆ 960 ಗಂಟೆ. ಹಬ್ಬ ಹುಣ್ಣಿಮೆ ಎನ್ನದೆ ದಿನಕ್ಕೆ ಎರಡೂವರೆ ಗಂಟೆಗಿಂತ ಹೆಚ್ಚು. ಸಂಜೆ ಮನೆಗೆ ಬಂದು ಟಿಪ್ಪಣಿ ಪುಸ್ತಕ ತಿದ್ದುವ ಶಿಕ್ಷಕರಿಗೆ ಇದು ಸಣ್ಣ ಮಾತಲ್ಲ. ಅದರಲ್ಲೂ ಕಾವ್ಯದ ಪತ್ರಿಕೆ ಶುರುವಾಗುವುದೇ ಹದಿನಾಲ್ಕನೆಯ ಶತಮಾನದ ಕವಿ ಚಾಸರ್‌ನಿಂದ. ಇಂಗ್ಲಿಷ್ ಸಾಹಿತ್ಯವನ್ನು ಪದವಿಯಲ್ಲಿ ಓದದೆ ಬಂದವರಿಗೆ ಅಲ್ಲಿಯ ಕಾಗುಣಿತವೇ ಪರಕೀಯ. ಹಳಗನ್ನಡ ಓದಿ ಅಭ್ಯಾಸವಿದ್ದವರು ಮಾತ್ರ ಅಷ್ಟು ಗಾಬರಿಯಾಗುವುದಿಲ್ಲ. ಎಲ್ಲರಿಗೂ ಪ್ರವೇಶ ಕೊಡುವ ಕೋರ್ಸು ಅಡಿಪಾಯಕ್ಕೆಂದು ಒಂದು ಚಿಕ್ಕ ಪೂರ್ವಸಿದ್ಧತಾ ಪತ್ರಿಕೆಯನ್ನು ಇಟ್ಟಿದ್ದರೆ ನ್ಯಾಯವಾಗುತ್ತಿತ್ತು. ಇದು ನನ್ನ ದೊಡ್ಡ ಆಕ್ಷೇಪ. ಪಾಠಗಳ ಬರವಣಿಗೆ ಒಟ್ಟಾರೆ ಸ್ಪಷ್ಟವಾಗಿದೆ, ಆದರೆ ಕೆಲವು ಘಟಕಗಳಲ್ಲಿ ಹಿನ್ನೆಲೆಯ ಚರಿತ್ರೆ ಹೆಚ್ಚಾಗಿ ಕೃತಿಯ ಮಾತು ಕಡಿಮೆಯಾಗಿದೆ. ಪರೀಕ್ಷೆಯಲ್ಲಿ ಕವಿತೆಯ ಸಾಲುಗಳನ್ನು ಕೊಟ್ಟು ಸಂದರ್ಭಸಹಿತ ವಿವರಿಸಿ ಎಂದು ಕೇಳುವಾಗ ಕೃತಿಯನ್ನು ಸ್ವತಃ ಓದಿದವರಿಗೂ ಗೈಡ್ ನಂಬಿದವರಿಗೂ ಇರುವ ಅಂತರ ಕಾಣುತ್ತದೆ.

ಭಾಷಾವಿಜ್ಞಾನದ ಪತ್ರಿಕೆ ಬಗ್ಗೆ ಮಾತ್ರ ನನಗೆ ಮೆಚ್ಚುಗೆಯೇ ಹೆಚ್ಚು. ಸಾಹಿತ್ಯದ ವಿದ್ಯಾರ್ಥಿಗಳು ಇದನ್ನು ಒಣ ವಿಷಯವೆಂದು ಮುಂದಕ್ಕೆ ತಳ್ಳುತ್ತಾರೆ, ಆದರೆ ತರಗತಿಯಲ್ಲಿ ನಿಲ್ಲುವವರಿಗೆ ಮೊದಲು ಕೈಗೆ ಬರುವುದು ಇದೇ. ಧ್ವನಿಗಳ ಅಧ್ಯಾಯವನ್ನೇ ನೋಡಿ. ಇಂಗ್ಲಿಷಿನ ‘ಟೀ’ ಎಂಬ ಪದದ ಮೊದಲ ಧ್ವನಿಯನ್ನು ನಾವು ಕನ್ನಡದ ಟಕಾರವೆಂದೇ ಉಚ್ಚರಿಸುತ್ತೇವೆ. ನಮ್ಮದು ನಾಲಗೆಯ ತುದಿಯನ್ನು ಹಿಂದಕ್ಕೆ ಮಡಚಿ ಹೇಳುವ ಮೂರ್ಧನ್ಯ, ಅವರದು ಮೇಲಿನ ಹಲ್ಲುಗಳ ಹಿಂದಿನ ಒಸಡಿನ ಉಬ್ಬಿಗೆ ನಾಲಗೆ ತಾಗಿಸಿ ಹೇಳುವ ಧ್ವನಿ. ಅಲ್ಲದೆ ಪದದ ಮೊದಲಲ್ಲಿ ಅದಕ್ಕೆ ಸ್ವಲ್ಪ ಉಸಿರೂ ಸೇರುತ್ತದೆ. ಇಷ್ಟನ್ನು ಒಮ್ಮೆ ಬಾಯಲ್ಲಿ ಮಾಡಿ ನೋಡಿದ ಶಿಕ್ಷಕರು ಮಕ್ಕಳ ಉಚ್ಚಾರಣೆಯನ್ನು ತಿದ್ದುವ ರೀತಿಯೇ ಬದಲಾಗುತ್ತದೆ.

ಇನ್ನು ಅಂಕಗಳು. ಪ್ರತಿ ಪತ್ರಿಕೆಯಲ್ಲಿ ಅಸೈನ್‌ಮೆಂಟ್‌ಗೆ ಶೇ. 30, ಅಂತಿಮ ಪರೀಕ್ಷೆಗೆ ಶೇ. 70 ತೂಕ, ಎರಡರಲ್ಲಿಯೂ ಪ್ರತ್ಯೇಕವಾಗಿ ಶೇ. 40 ಬಂದರೆ ಉತ್ತೀರ್ಣ. ಪದವಿ ಪಡೆಯಲು ಇಷ್ಟು ಸಾಕು. ಆದರೆ ಕಾಲೇಜಿನಲ್ಲಿ ಪಾಠ ಮಾಡಬೇಕೆಂಬ ಆಸೆಯಿಂದ ಸೇರಿದವರಿಗೆ ಇದು ಸಾಲದು, ಏಕೆಂದರೆ ಕಾಲೇಜು ಅಧ್ಯಾಪಕರ ಅರ್ಹತಾ ಪರೀಕ್ಷೆಗಳಾದ ರಾಷ್ಟ್ರಮಟ್ಟದ ಯುಜಿಸಿ ನೆಟ್ ಆಗಲಿ ರಾಜ್ಯಮಟ್ಟದ ಕೆ-ಸೆಟ್ ಆಗಲಿ ಸಾಮಾನ್ಯ ವರ್ಗದವರಿಂದ ಸ್ನಾತಕೋತ್ತರ ಪದವಿಯಲ್ಲಿ ಶೇ. 55 ಕೇಳುತ್ತವೆ, ಮೀಸಲಾತಿಯುಳ್ಳವರಿಂದ ಶೇ. 50. ನೆಟ್‌ನಲ್ಲಂತೂ 54.9 ಇದ್ದರೂ ಅದನ್ನು 55 ಎಂದು ಪರಿಗಣಿಸುವುದಿಲ್ಲ. ಅಸೈನ್‌ಮೆಂಟ್‌ನಲ್ಲಿ 60, ಪರೀಕ್ಷೆಯಲ್ಲಿ 50 ಬಂದರೆ ಒಟ್ಟು 53. ಇದು ಉತ್ತೀರ್ಣವೇನೋ ಸರಿ, ಆದರೆ ನೆಟ್ ಬಾಗಿಲು ಮುಚ್ಚಿತು. ಅದೇ ಪರೀಕ್ಷೆಯ ಅಂಕ 50ರಲ್ಲೇ ನಿಂತು ಅಸೈನ್‌ಮೆಂಟ್ 70ಕ್ಕೆ ಏರಿದರೆ ಒಟ್ಟು 56. ಮೂರು ಗಂಟೆಯ ಸಾಹಿತ್ಯದ ಪರೀಕ್ಷೆಯಲ್ಲಿ ಧಾರಾಳವಾಗಿ ಅಂಕ ಬೀಳುವುದು ಅಪರೂಪವಾದ್ದರಿಂದ, ಮನೆಯಲ್ಲಿ ಕುಳಿತು ನಿಧಾನವಾಗಿ ಬರೆಯಬಹುದಾದ ಅಸೈನ್‌ಮೆಂಟೇ ಆ ಅಂತರವನ್ನು ತುಂಬಬೇಕು. ಅದನ್ನು ಝೆರಾಕ್ಸ್ ಅಂಗಡಿಯಲ್ಲಿ ಕೊಂಡ ಸಿದ್ಧ ಉತ್ತರಗಳಿಂದ ನಕಲಿಳಿಸುವವರು ತಮ್ಮ ಕೈಯಲ್ಲಿದ್ದ ಮೂವತ್ತನ್ನೂ ಇನ್ನೊಬ್ಬರ ಕೈಗೆ ಕೊಟ್ಟಂತೆ.

ಈ 55ರ ಮಹತ್ವ ವಿಶ್ವವಿದ್ಯಾಲಯಕ್ಕೂ ಗೊತ್ತು. ಸ್ನಾತಕೋತ್ತರ ಪದವಿಯಲ್ಲಿ ಶೇ. 55ಕ್ಕೆ ಗರಿಷ್ಠ ಶೇ. 2ರಷ್ಟು ಕೊರತೆಯಾದವರು ಕೆಲವು ಪತ್ರಿಕೆಗಳನ್ನು ಮತ್ತೆ ಬರೆದು ಅಂಕ ಸುಧಾರಿಸಿಕೊಳ್ಳಲು ನಿಯಮದಲ್ಲೇ ಅವಕಾಶವಿದೆ. ಅಂತಿಮ ಅಂಕಪಟ್ಟಿ ಬಂದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು, ಮತ್ತು ಇದು ಅಂತಿಮ ಪರೀಕ್ಷೆಗೆ ಮಾತ್ರ ಅನ್ವಯ. ಅಸೈನ್‌ಮೆಂಟ್ ಅಂಕ ಹೋದದ್ದು ಹೋದಂತೆಯೇ. ಮೇಲಿನ ಉದಾಹರಣೆಯ 53ರವರು ಈ ನಿಯಮದ ಅಂಚಿನಲ್ಲಿ ಬಚಾವಾಗುತ್ತಾರೆ, 52ರವರು ಆಗುವುದಿಲ್ಲ. ಇಷ್ಟು ಮುಖ್ಯವಾದ ನಿಯಮ ಪ್ರಾಸ್ಪೆಕ್ಟಸ್ಸಿನ ಒಳಪುಟಗಳಲ್ಲಿ ಅಡಗಿ ಕುಳಿತಿರುವುದು ಸರಿಯಲ್ಲ.

ಎರಡನೆಯ ವರ್ಷದಲ್ಲಿ ಸಾಹಿತ್ಯ ವಿಮರ್ಶೆ ಕಡ್ಡಾಯ, ಉಳಿದವು ಆಯ್ಕೆಯ ಪತ್ರಿಕೆಗಳು. ಭಾರತೀಯ ಇಂಗ್ಲಿಷ್ ಸಾಹಿತ್ಯವನ್ನು ಆರಿಸಿಕೊಂಡರೆ ರಾಜಾರಾವ್ ಅವರ ಕಾದಂಬರಿ ‘ಕಾಂತಾಪುರ’ ಸಿಗುತ್ತದೆ; ಸಹ್ಯಾದ್ರಿಯ ಮಡಿಲಿನ ಆ ಹಳ್ಳಿಯ ಕತೆ ಹೇಳುವ ಅಜ್ಜಿಯ ಇಂಗ್ಲಿಷಿನ ಕೆಳಗೆ ಹರಿಯುವ ಕನ್ನಡದ ಲಯವನ್ನು ಹಿಡಿಯಲು ನಮಗೆ ಗೈಡ್ ಬೇಕಿಲ್ಲ. ಅನುವಾದ ಮತ್ತು ಜಾನಪದದ ಪತ್ರಿಕೆಗಳೂ ಇವೆ. ಪರಿಚಿತ ನೆಲದ ಪತ್ರಿಕೆಗಳನ್ನು ಆರಿಸುವುದರಲ್ಲಿ ಸಂಕೋಚಪಡಬೇಕಾಗಿಲ್ಲ.

ಕನಿಷ್ಠ ಅವಧಿ ಎರಡು ವರ್ಷ, ಗರಿಷ್ಠ ನಾಲ್ಕು. ಎರಡೇ ವರ್ಷದಲ್ಲಿ ಮುಗಿಸುವ ಹಟವನ್ನು ಕೆಲಸದಲ್ಲಿರುವವರು ಬಿಡಬೇಕು. ಎಲ್ಲ ಪತ್ರಿಕೆಗಳನ್ನೂ ಒಟ್ಟಿಗೆ ಬರೆಯಲೇಬೇಕೆಂದಿಲ್ಲ, ಜೂನ್‌ನಲ್ಲಿ ಎರಡು, ಡಿಸೆಂಬರ್‌ನಲ್ಲಿ ಎರಡು ಎಂದು ಹಂಚಿಕೊಂಡರೆ ಅಂಕಗಳೂ ಏರುತ್ತವೆ. ಶಾಲಾ ಶಿಕ್ಷಕರು ಜುಲೈ ಸರದಿಯಲ್ಲಿ ಸೇರುವುದು ಒಳ್ಳೆಯದು, ಏಕೆಂದರೆ ಅವರ ಮೊದಲ ಪರೀಕ್ಷೆ ಮುಂದಿನ ಜೂನ್‌ನಲ್ಲಿ ಬರುತ್ತದೆ, ಅದಕ್ಕೆ ಮುಂಚಿನ ಏಪ್ರಿಲ್-ಮೇ ತಿಂಗಳ ಬೇಸಿಗೆ ರಜೆ ಪೂರ್ತಿ ಓದಿಗೆ ಸಿಗುತ್ತದೆ. ಜನವರಿಯಲ್ಲಿ ಸೇರಿದವರಿಗೆ ಮೊದಲ ಪರೀಕ್ಷೆ ಡಿಸೆಂಬರ್‌ನಲ್ಲಿ, ಶಾಲೆಯ ವಾರ್ಷಿಕೋತ್ಸವ, ಕ್ರೀಡಾಕೂಟ, ಪ್ರವಾಸಗಳ ನಡುವೆಯೇ ಬಂದು ಬೀಳುತ್ತದೆ.