ಅಂಗಡಿಯ ಬೆಕ್ಕಿನ ಮರವೋ, ಶಿರಸಿಯ ಅಡಿಕೆ ಮರವೋ

ನಮ್ಮ ಮನೆಯಲ್ಲಿ ಗೆದ್ದದ್ದು ಅಡಿಕೆ ಮರದ ತುಂಡು. 5,800 ರೂಪಾಯಿ ಕೊಟ್ಟು ಆನ್‌ಲೈನ್‌ನಲ್ಲಿ ತರಿಸಿದ ಮೂರಂತಸ್ತಿನ ಕ್ಯಾಟ್ ಟ್ರೀ, ಅಂದರೆ ಬೆಕ್ಕು ಹತ್ತಲು, ಕೆರೆಯಲು, ಮಲಗಲು ಅಂತ ಮಾಡಿದ ಮರ, ಒಂದು ಮಳೆಗಾಲ ತಡೆಯಲಿಲ್ಲ. ಕರಾವಳಿಯಲ್ಲಿದ್ದು ಬೆಕ್ಕನ್ನು ಮನೆಯೊಳಗೇ ಸಾಕುವವರು ದುಡ್ಡು ಹಾಕುವ ಮೊದಲು ಇದನ್ನು ಓದಲಿ ಅಂತ ಬರೆಯುತ್ತಿದ್ದೇನೆ.

ನಾವಿರುವುದು ಕಾರವಾರದ ಕೋಡಿಬಾಗದಲ್ಲಿ. ಬಾಡಿಗೆ ಮನೆ, ಎರಡನೇ ಮಹಡಿ. ಹೆದ್ದಾರಿ 66 ಹತ್ತಿರದಲ್ಲೇ ಇದೆ. ಹಿಂದಿನ ಬೆಕ್ಕು ಒಂದು ಸಂಜೆ ಆ ರಸ್ತೆ ದಾಟಲು ಹೋಗಿ ಲಾರಿಗೆ ಸಿಕ್ಕಿತು. ಆಮೇಲೆ ಬಂದ ಸಿಂಗಾರಿಯನ್ನು ಹೊರಗೆ ಬಿಡುವುದೇ ಇಲ್ಲ ಎಂದು ಗಟ್ಟಿ ಮಾಡಿದೆ. ಅಡಿಕೆ ಸಿಂಗಾರದ ಹಾಗೆ ತಿಳಿ ಹಳದಿ ಬಣ್ಣ ಅವಳದ್ದು, ಅದಕ್ಕೇ ಆ ಹೆಸರು.

ಆದರೆ ಬಾಗಿಲು ಹಾಕಿಟ್ಟರೆ ಮುಗಿಯಲಿಲ್ಲ. ಹೊರಗಿದ್ದಿದ್ದರೆ ಅವಳು ಮರ ಹತ್ತುತ್ತಿದ್ದಳು, ತೊಗಟೆ ಕೆರೆಯುತ್ತಿದ್ದಳು, ಓತಿಕ್ಯಾತದ ಹಿಂದೆ ಹೊಂಚು ಹಾಕುತ್ತಿದ್ದಳು. ಒಳಗೆ ಇದ್ಯಾವುದೂ ಇರಲಿಲ್ಲ. ಎಂಟು ತಿಂಗಳ ಹೊತ್ತಿಗೆ ಪರದೆ ಹರಿಯಿತು. ಬೆಳಗಿನ ಜಾವ ನಾಲ್ಕಕ್ಕೆ ಮನೆಯಿಡೀ ಓಟ. ಕೊನೆಗೆ ಹೊಟ್ಟೆಯ ಕೂದಲನ್ನು ನೆಕ್ಕಿ ನೆಕ್ಕಿ ಬೋಳು ಮಾಡಿಕೊಂಡಳು. ಪಶುವೈದ್ಯರು ನೋಡಿದರು. ಚರ್ಮಕ್ಕೆ ಏನೂ ಆಗಿಲ್ಲ, ಮಾಡಲು ಕೆಲಸ ಇಲ್ಲದೆ ನೆಕ್ಕಿಕೊಳ್ಳುತ್ತಿದೆ ಎಂದರು. ಅವತ್ತು ರಾತ್ರಿಯೇ ಕೂತು ಕ್ಯಾಟ್ ಟ್ರೀ ತರಿಸಿದೆ.

ಬಂದಾಗ ಚೆಂದವೇ ಇತ್ತು. ಬೂದು ಬಣ್ಣದ ಮೆತ್ತನೆ ಬಟ್ಟೆ, ಮೇಲೆ ಒಂದು ಗೂಡು, ಕಂಬಗಳಿಗೆ ಕತ್ತಾಳೆ ನಾರಿನ ಹಗ್ಗ. ಏಪ್ರಿಲ್, ಮೇ ತಿಂಗಳಲ್ಲಿ ಸಿಂಗಾರಿ ಗೂಡಿನಲ್ಲೇ ಮಲಗುತ್ತಿದ್ದಳು. ಹೊಟ್ಟೆಯ ಮೇಲೆ ಕೂದಲು ಮತ್ತೆ ಬರಲು ಶುರುವಾಯಿತು. ಕೊಟ್ಟ ದುಡ್ಡು ಸಾರ್ಥಕ ಎಂದುಕೊಂಡೆ.

ಜೂನ್ ಬಂತು. ಕಾರವಾರದ ಮಳೆ ಗೊತ್ತಲ್ಲ, ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಆಸುಪಾಸು, ಅದರಲ್ಲಿ ಹೆಚ್ಚಿನದು ನಾಲ್ಕು ತಿಂಗಳಲ್ಲೇ ಸುರಿಯುತ್ತದೆ. ನಮ್ಮ ಬೀರುವಿನಲ್ಲಿಟ್ಟ ಬೆಲ್ಟಿಗೇ ಬೂಷ್ಟು ಬರುತ್ತದೆ. ಈ ಮೆತ್ತನೆ ಬಟ್ಟೆ ಗಾಳಿಯ ತೇವವನ್ನೆಲ್ಲ ಹೀರಿಕೊಂಡಿತು. ಮೊದಲು ವಾಸನೆ, ಒದ್ದೆ ಗೋಣಿಚೀಲದ್ದು. ಆಮೇಲೆ ಗೂಡಿನೊಳಗೆ ಹಸಿರು ಚುಕ್ಕೆ. ಬಟ್ಟೆಯನ್ನು ಹಲಗೆಗೆ ಅಂಟಿಸಿಬಿಟ್ಟಿದ್ದರು, ಬಿಚ್ಚಿ ತೊಳೆಯುವ ಹಾಗಿಲ್ಲ. ಒದ್ದೆ ಬಟ್ಟೆಯಿಂದ ಒರೆಸಿದರೆ ಇನ್ನಷ್ಟು ತೇವ. ಹೇರ್ ಡ್ರೈಯರ್ ಹಿಡಿದೆ, ಎರಡು ದಿನಕ್ಕೆ ಮತ್ತೆ ಅದೇ. ಬಿಸಿಲಿಗಿಡಲು ಬಿಸಿಲೇ ಇಲ್ಲ.

ಬೂಷ್ಟನ್ನಾದರೂ ಸಹಿಸಬಹುದಿತ್ತೇನೋ. ಜುಲೈ ನಡುವೆ ಬುಡದ ಹಲಗೆ ಊದಿಕೊಂಡಿತು. ಅದು ಮರದ ಹಲಗೆ ಅಲ್ಲ, ಮರದ ಹೊಟ್ಟನ್ನು ಅಂಟಿನಲ್ಲಿ ಒತ್ತಿ ಮಾಡಿದ್ದು. ಊದಿದ ಮೇಲೆ ಸ್ಕ್ರೂ ಕಚ್ಚಿಕೊಳ್ಳಲಿಲ್ಲ. ಬಿಗಿ ಮಾಡಿದಷ್ಟೂ ಪುಡಿ ಉದುರಿತು. ಕಂಬ ಎಂದುಕೊಂಡಿದ್ದು ನೋಡಿದರೆ ಒಳಗೆ ದಪ್ಪ ರಟ್ಟಿನ ಕೊಳವೆ. ಒಂದು ಸಂಜೆ ಸಿಂಗಾರಿ ಟಿವಿ ಮೇಜಿನಿಂದ ಮೇಲಿನ ಅಂತಸ್ತಿಗೆ ಹಾರಿದಳು. ಇಡೀ ಮರ ಅವಳ ಸಮೇತ ವಾಲಿತು. ಪೂರ್ತಿ ಬೀಳಲಿಲ್ಲ, ಗೋಡೆಗೆ ತಾಗಿ ನಿಂತಿತು. ಅವಳು ಮಂಚದ ಕೆಳಗೆ ಹೋದವಳು ರಾತ್ರಿ ಊಟಕ್ಕೂ ಹೊರಗೆ ಬರಲಿಲ್ಲ.

ಆಮೇಲೆ ನಾನು ಬುಡಕ್ಕೆ ಚಿರೆಕಲ್ಲು ಹೇರಿದೆ, ಗೋಡೆಗೆ ಒತ್ತಿ ನಿಲ್ಲಿಸಿದೆ. ಮರ ಅಲ್ಲಾಡುವುದು ನಿಂತಿತು. ಆದರೂ ಅವಳು ಹತ್ತಲಿಲ್ಲ. ಕಾಲಿಟ್ಟ ಜಾಗ ಒಮ್ಮೆ ಜಾರಿತೆಂದರೆ ಬೆಕ್ಕು ಸುಲಭಕ್ಕೆ ಅದನ್ನು ನಂಬುವುದಿಲ್ಲ. ಮೆತ್ತನೆ ಬಟ್ಟೆ, ಗೂಡು, ಜೋತುಬಿದ್ದ ಚೆಂಡು, ಇವೆಲ್ಲ ನೋಡಿ ಕೊಳ್ಳುವವರು ನಾವು. ಬೆಕ್ಕು ನೋಡುವುದು ಅಲ್ಲಾಡುತ್ತದೋ ಇಲ್ಲವೋ ಎಂಬುದನ್ನು. ಮಾರಿದವರಿಗೆ ಫೋಟೋ ಕಳಿಸಿದೆ. ವಾಪಸ್ ಅವಧಿ ಮುಗಿದಿದೆ ಎಂಬ ಉತ್ತರ ಬಂತು, ಅಷ್ಟೇ.

ಚೌತಿಗೆ ಶಿರಸಿಯಿಂದ ಅಣ್ಣ ಬಂದಿದ್ದ. ಬುಡ ಕೆರೆದು ನೋಡಿ, "ಇದೆಂತಾ ಮರ ಮಾರಾಯ್ತಿ, ರಟ್ಟು!" ಎಂದ. ಮುಂದಿನ ಸಲ ಬರುವಾಗ ತೋಟದಲ್ಲಿ ಗಾಳಿಗೆ ಬಿದ್ದ ಅಡಿಕೆ ಮರದ ಮೂರು ಅಡಿ ತುಂಡು ತಂದ. ಮೂರು ಅಡಿ ಅಂದರೆ 90 ಸೆಂಟಿಮೀಟರ್. ಈ ಎತ್ತರ ಮುಖ್ಯ. ಬೆಕ್ಕು ಕೆರೆಯುವುದು ಉಗುರಿನ ಹಳೆ ಪೊರೆ ಕಳಚಲು, ಅಂಗಾಲಿನ ವಾಸನೆ ಹಚ್ಚಿ ಇದು ನನ್ನದು ಅನ್ನಲು, ಜೊತೆಗೆ ಬೆನ್ನು ಪೂರ್ತಿ ಚಾಚಲು. ಹಿಂಗಾಲ ಮೇಲೆ ನಿಂತು ಮುಂಗಾಲು ಚಾಚಿದರೂ ಕಂಬ ಇನ್ನೂ ಮೇಲಿರಬೇಕು. ಅಂಗಡಿ ಮರದ ಒಂದೊಂದು ಕಂಬ ಒಂದೂವರೆ ಅಡಿ ಇತ್ತು. ಅದಕ್ಕೇ ಅವಳು ಸೋಫಾಕ್ಕೆ ಹೋಗುತ್ತಿದ್ದಳು.

ಅಡಿಕೆ ಮರ ಹೊರಗೆ ಕಬ್ಬಿಣದ ಹಾಗೆ, ಒಳಗೆ ಮೆತ್ತನೆ ತಿರುಳು. ಕೆಳಗಿನಿಂದ ಸ್ಕ್ರೂ ಹೊಡೆದರೆ ನಿಲ್ಲುವುದಿಲ್ಲ. ನಮ್ಮ ಆಚಾರಿ ತಿರುಳು ತೆಗೆದು ಒಳಗೆ ಗಟ್ಟಿ ಮರದ ಗೂಟ ಬಡಿದರು. ಹಲಸಿನ ಹಳೇ ಬಾಗಿಲಿನಿಂದ ಎರಡಡಿ ಚೌಕದ ತುಂಡು ಕೊಯ್ದು ಬುಡಕ್ಕೆ ಕೊಟ್ಟು, ಕೆಳಗಿನಿಂದ ಆ ಗೂಟಕ್ಕೆ ಉದ್ದದ ಸ್ಕ್ರೂ ಹಾಕಿದರು. ಕೂಲಿ 600 ರೂಪಾಯಿ. ನಾನೇ ಕೈಯಿಂದ ದೂಡಿದರೂ ಕಂಬ ಅಲ್ಲಾಡುವುದಿಲ್ಲ.

ಹಗ್ಗಕ್ಕೆ ಕತ್ತಾಳೆ ಬೇಡ, ಕತ್ತದ ಹಗ್ಗ ತನ್ನಿ. ತೆಂಗಿನ ನಾರು ನೀರಲ್ಲೇ ಕೊಳೆಸಿ ತೆಗೆದದ್ದು, ನಮ್ಮ ತೇವ ಅದಕ್ಕೆ ಲೆಕ್ಕವೇ ಅಲ್ಲ. ಸ್ವಲ್ಪ ಒರಟು, ನಾರು ಉದುರುತ್ತದೆ, ದಿನಾ ಗುಡಿಸಬೇಕು. ಎಂಟು ಮಿಲಿಮೀಟರ್ ದಪ್ಪದ್ದು 25 ಮೀಟರ್ ತಂದಿದ್ದೆ, ಅರ್ಧಕ್ಕಿಂತ ತುಸು ಮೇಲೆ ಬಂದು ಮುಗಿಯಿತು. ಅಂಗೈ ಅಗಲದ ಮರಕ್ಕೆ, ಮೂರು ಅಡಿಗೆ, 45 ಮೀಟರ್ ಬೇಕು. ಗೋಂದು ಹಚ್ಚಬೇಡಿ, ಬೆಕ್ಕು ಉಗುರು ನೆಕ್ಕುತ್ತದೆ. ಎರಡು ತುದಿಗೆ ಮೊಳೆ ಸಾಕು, ತಲೆ ಹಗ್ಗದೊಳಗೆ ಮುಚ್ಚಿಹೋಗಬೇಕು.

ಒಂದು ತಪ್ಪಾಯಿತು. ಅಣ್ಣ ತಂದ ತುಂಡು ಪೂರ್ತಿ ಒಣಗಿರಲಿಲ್ಲ. ಜನವರಿ ಹೊತ್ತಿಗೆ ಮರ ಒಣಗಿ ಕುಗ್ಗಿತು, ಸುತ್ತಿದ ಹಗ್ಗ ಸಡಿಲವಾಗಿ ಕೆಳಗೆ ಜಾರಿತು. ಒಂದು ಭಾನುವಾರ ಪೂರ್ತಿ ಬಿಚ್ಚಿ ಮತ್ತೆ ಬಿಗಿಯಾಗಿ ಸುತ್ತಿದೆ. ಆಮೇಲಿನ ಮಳೆಗಾಲದಲ್ಲಿ ಏನೂ ಆಗಲಿಲ್ಲ. ಎಲ್ಲ ಸೇರಿ ಖರ್ಚು ಸಾವಿರ ರೂಪಾಯಿ ದಾಟಲಿಲ್ಲ.

ಆಟದ ಸಾಮಾನಿನದ್ದೂ ಹೇಳುತ್ತೇನೆ. ಬ್ಯಾಟರಿಯಲ್ಲಿ ತಿರುಗುವ ಚಿಟ್ಟೆ: ಉಪ್ಪುಗಾಳಿಗೆ ಸ್ಪ್ರಿಂಗ್ ತುಕ್ಕು ಹಿಡಿದು ಮೂರೇ ತಿಂಗಳು. ಲೇಸರ್ ಟಾರ್ಚ್ ಕೊಳ್ಳಲೇಬೇಡಿ. ಬೆಕ್ಕಿನ ಬೇಟೆ ಎಂದರೆ ಹೊಂಚು, ಓಟ, ನೆಗೆತ, ಕೊನೆಗೆ ಹಿಡಿದು ಕಚ್ಚುವುದು. ಬೆಳಕಿನ ಚುಕ್ಕೆ ಕೈಗೆ ಸಿಗುವುದೇ ಇಲ್ಲ. ಸಿಂಗಾರಿ ಆಮೇಲೆ ಪಾತ್ರೆಯ ಮುಚ್ಚಳದ ಹೊಳಪು ಗೋಡೆಗೆ ಬಿದ್ದರೂ ಗಂಟೆಗಟ್ಟಲೆ ಅಲ್ಲೇ ಕೂತು ನೋಡುತ್ತಿದ್ದಳು. ನೋಡಿ ಸಂಕಟವಾಯಿತು. ಕಣ್ಣಿಗೆ ಬಿದ್ದರಂತೂ ಅಪಾಯ.

ಅದರ ಬದಲು ಹಿಡಿಕಡ್ಡಿಗೆ ದಾರ ಕಟ್ಟಿ ತುದಿಗೆ ಕೋಳಿಗರಿ ಸಿಕ್ಕಿಸಿ. ಬೆಳಿಗ್ಗೆ, ಸಂಜೆ ಹತ್ತು ಹತ್ತು ನಿಮಿಷ. ಬೆಕ್ಕು ಚುರುಕಾಗುವುದೇ ಆ ಎರಡು ಹೊತ್ತಿನಲ್ಲಿ. ಗರಿಯನ್ನು ಮುಖದ ಹತ್ತಿರ ತರಬೇಡಿ, ಅವಳಿಂದ ದೂರ ಓಡಿಸಿ, ಮೂಲೆಯ ಹಿಂದೆ ಅಡಗಿಸಿ. ಕೊನೆಗೆ ಹಿಡಿಯಲು ಬಿಡಿ, ಕೂಡಲೇ ಊಟ ಕೊಡಿ. ಸಂಜೆ ಆಟ ಆಡಿ ಊಟ ಮಾಡಿದ ಮೇಲೆ ಬೆಳಗಿನ ಜಾವದ ಓಟ ನಿಂತಿತು. ಆಟ ಮುಗಿದ ತಕ್ಷಣ ದಾರ ಎತ್ತಿಡಿ. ನುಂಗಿದರೆ ಕರುಳು ಸುತ್ತಿಕೊಂಡು ಆಪರೇಷನ್ ತನಕ ಹೋಗುತ್ತದೆ.

ಊಟ ಹುಡುಕಿಸುವ ಪ್ಲಾಸ್ಟಿಕ್ ಚೆಂಡು 350 ರೂಪಾಯಿ, ಸೋಫಾ ಕೆಳಗೆ ಉರುಳಿಹೋಗುತ್ತದೆ. ನಾನೀಗ ಹಳೇ ಪಡ್ಡಿನ ಕಾವಲಿಯ ಗುಳಿಗಳಲ್ಲಿ ಒಣ ಆಹಾರ ಹಾಕಿ, ಮೇಲೆ ಒಂದೊಂದು ಪಿಂಗ್‌ಪಾಂಗ್ ಚೆಂಡು ಇಡುತ್ತೇನೆ. ಒಂದೊಂದೇ ಚೆಂಡು ಎತ್ತಿ ತಿನ್ನಲು ಕಾಲು ಗಂಟೆ. ಕೆಳಗಿನ ಮನೆಯ ಅಕ್ಕೋರು ಬೇಯಿಸಿದ ತಾರ್ಲೆ ಮೀನು ಕೊಟ್ಟ ದಿನ ಒಂದು ಗುಳಿಯಲ್ಲಿ ಅದು. ಒಣಮೀನು ಮಾತ್ರ ಬೇಡ, ಉಪ್ಪು ಜಾಸ್ತಿ.

ಕ್ಯಾಟ್‌ನಿಪ್ ಪುಡಿ, ಅಂದರೆ ವಾಸನೆಗೇ ಬೆಕ್ಕಿಗೆ ಅಮಲೇರಿಸುವ ಒಂದು ಗಿಡದ ಒಣ ಸೊಪ್ಪಿನದ್ದು, ಸಿಂಗಾರಿಗೆ ಏನೂ ಮಾಡಲಿಲ್ಲ. ಎಲ್ಲ ಬೆಕ್ಕಿಗೂ ಅದು ಹತ್ತುವುದಿಲ್ಲ, ಹುಟ್ಟಿನಿಂದ ಬರುವ ಗುಣ ಅದು. ನಮ್ಮ ಹಿತ್ತಿಲಿನ ಕುಪ್ಪಿಗಿಡದ ಬೇರನ್ನು ಕಂಬಕ್ಕೆ ಉಜ್ಜಿದಾಗ ಉರುಳಾಡಿಬಿಟ್ಟಳು.

ನಾನು ಆಫೀಸಿನಿಂದ ಬರುವುದು ಆರೂವರೆಗೆ. ದಿನಕ್ಕೆ ಇಪ್ಪತ್ತು ನಿಮಿಷ ಕೊಡಬಲ್ಲೆ, ಜಾಸ್ತಿ ಆಗುವುದಿಲ್ಲ. ಬಾಡಿಗೆ ಮನೆಯಾದ್ದರಿಂದ ಗೋಡೆಗೆ ಮೊಳೆ ಹೊಡೆಯುವಂತಿಲ್ಲ. ನನ್ನಂಥವರಿಗೆ ಅಡಿಕೆ ಕಂಬ, ಹಿಡಿಕಡ್ಡಿ, ಪಡ್ಡಿನ ಕಾವಲಿ ಧಾರಾಳ ಆಯಿತು. ಘಟ್ಟದ ಮೇಲಿನ ಬಯಲುಸೀಮೆಯ ಒಣ ಹವೆಯಲ್ಲಿ ಇರುವವರಾದರೆ ಅಂಗಡಿ ಮರ ಬಾಳಿಕೆ ಬರಬಹುದು. ಆಗಲೂ ಬುಡ ಗಟ್ಟಿ ಮರದ್ದೇ ಎಂದು ಕೇಳಿ, ಬಟ್ಟೆ ಬಿಚ್ಚಲು ಬರುತ್ತದೆಯೇ ನೋಡಿ.

ಈಗ ಕಾಳಿ ನದಿಯ ಕಡೆಯ ಕಿಟಕಿಗೆ ಇನ್ನೊಂದು ಕಂಬ ಬೇಕು. ಅಲ್ಲಿ ಕೂತರೆ ಗರುಡ ಹಾರುವುದು ಕಾಣುತ್ತದೆ, ಅವಳಿಗೆ ಮಧ್ಯಾಹ್ನ ಕಳೆಯಲು ಅಷ್ಟು ಸಾಕು. ಮೇಲೆ ಒಂದು ಹಲಗೆ ಕೂರಿಸಲು ಆಚಾರಿಗೆ ಹೇಳಿಟ್ಟಿದ್ದೇನೆ. ಅಣ್ಣನಿಗೂ ಫೋನ್ ಮಾಡಿದೆ, ಈ ಸಲ ಅಟ್ಟದ ಮೇಲೆ ಒಣಗಿಸಿದ ತುಂಡನ್ನೇ ತಾ ಎಂದು.