ಬಿಯರ್‌ ಮಾಡಲು ಆರ್‌ಓ ಫಿಲ್ಟರ್: ಲಂಡನ್ನಿನಲ್ಲಿ ನಾಲ್ಕು ವರ್ಷ ಬಳಸಿದ ಮೇಲೆ

ಬೋರ್ ನೀರಲ್ಲಿ ಬೇಳೆ ಬೇಯಲ್ಲ ಅಂತ ಬೆಂಗಳೂರಿನ ಮನೆಯಲ್ಲಿ ಅಮ್ಮ ಗೊಣಗುವುದನ್ನು ಕೇಳುತ್ತಲೇ ಬೆಳೆದವನು ನಾನು. ಆದರೂ ಲಂಡನ್ನಿಗೆ ಬಂದು ಬಿಯರ್ ಮಾಡಲು ಶುರು ಮಾಡಿದಾಗ ನೀರಿನ ಕಡೆ ಗಮನವೇ ಹೋಗಲಿಲ್ಲ. (ಇಲ್ಲಿ ಮನೆ ಮಟ್ಟಿಗೆ ಮಾಡಿಕೊಳ್ಳಲು 1963ರಿಂದ ಲೈಸೆನ್ಸ್ ಬೇಕಿಲ್ಲ. ಊರಲ್ಲಿ ಹಾಗಲ್ಲ, ಸುಮ್ನೆ ಕೈ ಹಾಕಬೇಡಿ.)

ಸ್ಟೌಟ್ ಅನ್ನುವ ಕಪ್ಪು ಬಿಯರ್ ಚೆನ್ನಾಗೇ ಬರುತ್ತಿತ್ತು. ತಿಳಿ ಬಣ್ಣದ ಪೇಲ್ ಏಲ್ ಮಾತ್ರ ಪ್ರತಿ ಸಲ ಒಗರು. ಎಳೆ ಅಡಿಕೆ ಜಗಿದ ಹಾಗೆ ನಾಲಿಗೆ ಹಿಡಿಯುತ್ತಿತ್ತು. ಕಹಿಗೆ ಹಾಕುವ ಹಾಪ್ಸ್ ಹೂವು ಬದಲಾಯಿಸಿದೆ, ಹುದುಗಿಸುವ ಯೀಸ್ಟ್ ಬದಲಾಯಿಸಿದೆ. ಕೆಟಲ್ ತಳದಲ್ಲಿ ಬಿಳಿ ಪದರ ದಿನಾ ಕಾಣುತ್ತಿದ್ದರೂ ಹೊಳೆಯಲಿಲ್ಲ. ಇಲ್ಲಿನ ನೀರಲ್ಲಿ ಸುಣ್ಣದ ಅಂಶ ಜಾಸ್ತಿ, ಬೈಕಾರ್ಬೊನೇಟ್ ಜಾಸ್ತಿ. ಬಿಯರ್‌ಗೆ ಮೂಲ ಮಾಲ್ಟ್, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ. ಸ್ಟೌಟ್‌ಗೆ ಹಾಕುವ ಹುರಿದ ಕಪ್ಪು ಮಾಲ್ಟ್‌ನಲ್ಲಿ ಹುಳಿ ಇರುವುದರಿಂದ ಅದು ಸರಿದೂಗಿಸಿಕೊಳ್ಳುತ್ತದೆ. ತಿಳಿ ಮಾಲ್ಟ್‌ಗೆ ಆ ತಾಕತ್ತಿಲ್ಲ. ಮ್ಯಾಶ್‌ನ (ಬಿಸಿ ನೀರಲ್ಲಿ ನೆನೆಸಿದ ಮಾಲ್ಟ್) ಪಿಎಚ್ ಇಳಿಯುವುದೇ ಇಲ್ಲ, ಅಂದರೆ ಹುಳಿ ಸಾಲದು, ಕಾಳಿನ ಸಿಪ್ಪೆ ಒಗರು ಬಿಡುತ್ತದೆ. ಲಂಡನ್ ಪೋರ್ಟರ್ ಅನ್ನುವ ಕಪ್ಪು ಬಿಯರ್‌ಗೆ ಹೆಸರಾಗಿದ್ದು ಸುಮ್ನೆ ಅಲ್ಲ.

ಸಿಂಕ್ ಕೆಳಗೆ ಕೂರುವ ಆರ್‌ಓ ತಂದೆ. ನೀರಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಅದ್ದಿದರೆ ನಲ್ಲಿ ನೀರು 340, ಫಿಲ್ಟರ್ ನೀರು 14. ಖುಷಿಯಲ್ಲಿ ಮೊದಲ ಬ್ಯಾಚ್ ಪೂರ್ತಿ ಅದರಲ್ಲೇ ಮಾಡಿದೆ. ಒಗರು ಹೋಯಿತು, ಜೊತೆಗೆ ರುಚಿಯೂ ಹೋಯಿತು! ಉಪ್ಪು ಹಾಕದ ತಿಳಿಸಾರು.

ಈಗ ಕೈಗೆ ಹತ್ತಿರುವ ಲೆಕ್ಕ ಹೀಗಿದೆ. 21 ಲೀಟರ್ ಆರ್‌ಓ, 7 ಲೀಟರ್ ನಲ್ಲಿ ನೀರು, 5 ಗ್ರಾಂ ಜಿಪ್ಸಮ್ (ಕ್ಯಾಲ್ಸಿಯಂ ಸಲ್ಫೇಟ್ ಅನ್ನುವ ಲವಣ). ಪೇಲ್ ಏಲ್‌ಗೆ ಹೆಸರಾದ ಇಂಗ್ಲೆಂಡಿನ ಬರ್ಟನ್ ಊರಿನ ಬಾವಿ ನೀರಲ್ಲಿ ಈ ಜಿಪ್ಸಮ್ ತಾನಾಗೇ ಇರುತ್ತದೆ, ನಾವು ಚಮಚದಲ್ಲಿ ಹಾಕಬೇಕು ಅಷ್ಟೆ. ಮ್ಯಾಶ್ ಪಿಎಚ್ 5.4ರ ಆಸುಪಾಸು ನಿಲ್ಲುತ್ತದೆ. ಹಾಪ್ಸ್ ಕಹಿ ಚುರುಕಾಗಿ ಬಂದು, ಹಾಗೇ ಹೊರಟು ಹೋಗುತ್ತದೆ.

ಬೇಜಾರಿನ ವಿಷಯಗಳೂ ಇವೆ. ಒಂದು ಲೀಟರ್ ಒಳ್ಳೆ ನೀರಿಗೆ ಮೂರು ಲೀಟರ್ ಮೋರಿಗೆ ಹೋಗುತ್ತದೆ. ನಾನು ಅದನ್ನು ಬಕೆಟ್‌ಗೆ ಹಿಡಿದು ಪಾತ್ರೆ ತೊಳೆಯುತ್ತೇನೆ, ಆದರೂ ಕರುಳು ಚುರುಕ್ ಅನ್ನುತ್ತೆ. ಚಳಿಗಾಲದಲ್ಲಿ 21 ಲೀಟರ್ ತುಂಬಲು ಐದು ಗಂಟೆ ಬೇಕು, ಹಿಂದಿನ ರಾತ್ರಿಯೇ ಹಚ್ಚಿಡಬೇಕು. ಎರಡನೇ ವರ್ಷ ಪೈಪಿನ ಜಾಯಿಂಟ್ ಸೋರಿ ಕಪಾಟಿನ ಹಲಗೆ ಊದಿಕೊಂಡಿತು. ಮೂರನೇ ವರ್ಷ ಮೀಟರ್ 60 ತೋರಿಸಿದಾಗ ಲವಣ ತಡೆಯುವ ಒಳಗಿನ ಪೊರೆ, ಅಂದರೆ ಮೆಂಬ್ರೇನ್ ಬದಲಾಯಿಸಿದೆ. ಮೀಟರ್ ಇಲ್ಲದಿದ್ದರೆ ಗೊತ್ತೇ ಆಗುತ್ತಿರಲಿಲ್ಲ.

ಐದಕ್ಕೆ ಮೂರೂವರೆ ಸ್ಟಾರ್. ತಿಳಿ ಬಣ್ಣದ ಬಿಯರ್ ಮಾಡುವವರು, ಊರಿನ ನೀರು ಗಡಸಾಗಿದ್ದರೆ, ಕೊಳ್ಳಿ. ಬರೀ ಸ್ಟೌಟ್, ಪೋರ್ಟರ್ ಮಾಡುವವರಿಗೆ ದಂಡ. ನಲ್ಲಿ ನೀರಿಗೆ ಅರ್ಧ ಕ್ಯಾಂಪ್ಡನ್ ಮಾತ್ರೆ (ಬಿಯರ್, ವೈನ್ ಮಾಡುವವರು ಬಳಸುವ ಸಲ್ಫೈಟ್ ಮಾತ್ರೆ) ಪುಡಿ ಮಾಡಿ ಹಾಕಿದರೆ ಕ್ಲೋರಿನ್ ಹೋಗುತ್ತದೆ, ಅಷ್ಟು ಸಾಕು. ಅದನ್ನು ಮಾತ್ರ ಮರೆಯಬೇಡಿ. ಒಮ್ಮೆ ಮರೆತು, ಆಸ್ಪತ್ರೆ ಬ್ಯಾಂಡೇಜ್ ವಾಸನೆಯ 20 ಲೀಟರ್ ಸ್ಟೌಟ್ ಅನ್ನು ನಾನೇ ಸಿಂಕ್‌ಗೆ ಸುರಿದಿದ್ದೇನೆ.